ಅರ್ಜಿಯಲ್ಲಿ ಸೇರಿದ ವಾಸನೆ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅದನ್ನು ಎರಡಾಗಿ ಸೀಳಿದ ಒಂದು ಗೋಡೆ. ಗೋಡೆಯ ಈಚೆ, ವಾರ್ಡುಗಳಿಂದ ಕೊಳೆಬಟ್ಟೆ ಬಂದು ಬೀಳುವ ಕೋಣೆ. ಆಚೆ, ಒಗೆದು ಒಣಗಿದ್ದನ್ನು ಇಸ್ತ್ರಿ ಮಾಡಿ ಮಡಚುವ ಕೋಣೆ. ಯಂತ್ರಗಳು ಗೋಡೆಯ ಹೊಟ್ಟೆಯೊಳಗೇ ಕೂತಿವೆ, ಒಂದೊಂದಕ್ಕೂ ಎರಡೆರಡು ಬಾಗಿಲು. ಈಚೆ ಬಾಗಿಲಲ್ಲಿ ಹೊಲಸಾಗಿ ಹೋದದ್ದು ಆಚೆ ಬಾಗಿಲಲ್ಲಿ ಬೆಳ್ಳಗೆ ಹೊರಬರುತ್ತದೆ. ಜನ ಮಾತ್ರ ಹಾಗೆ ದಾಟುವಂತಿಲ್ಲ. ಈಚೆಯವರು ಈಚೆ, ಆಚೆಯವರು ಆಚೆ.

ಈ ಕಥೆಯ ಹುಡುಗಿ ಈಚೆ ಕಡೆಯವಳು. ಬೆಳಿಗ್ಗೆ ಐದಕ್ಕೆ ಬಂದು ಒಂಬತ್ತರವರೆಗೆ ಹಾಸು ಹೊದಿಕೆಗಳನ್ನು ಬೇರ್ಪಡಿಸಿ, ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದಳು. ಪದವಿಯ ಎರಡನೆಯ ವರ್ಷ, ಮುಖ್ಯ ವಿಷಯ ಮನಶ್ಶಾಸ್ತ್ರ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಾತು ಬಂದಾಗಿನಿಂದ ಎಲ್ಲದಕ್ಕೂ ‘ಯಾಕೆ, ಯಾಕೆ’ ಎಂದು ಪ್ರಾಣ ತಿನ್ನುತ್ತಿದ್ದಳಂತೆ. ರೋಸಿಹೋದ ದೊಡ್ಡಮ್ಮ ‘ಯಾಕಮ್ಮ’ ಎಂದು ಕರೆದಳು. ಅದೇ ಅಂಟಿಕೊಂಡಿತು.

ದೊಡ್ಡಮ್ಮ ಎಂದರೆ ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ಯಾಕಮ್ಮನಿಗೆ ನಾಲ್ಕು ವರ್ಷ. ತಂದೆ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿ ಈ ಕಡೆ ತಲೆ ಹಾಕುವುದನ್ನೇ ಬಿಟ್ಟ. ಒಂಟಿಯಾಗಿದ್ದ ದೊಡ್ಡಮ್ಮ ಮಗುವನ್ನು ತನ್ನ ಎರಡು ಕೋಣೆಯ ಮನೆಗೆ ತಂದುಕೊಂಡಳು. ಒಗೆಯುವ ವಿಭಾಗದಲ್ಲಿ ಅವಳದು ಮೂವತ್ತೊಂದು ವರ್ಷದ ಸೇವೆ. ಕೆಂಪು ಚೀಲದಲ್ಲಿ ಬರುವ ಸೋಂಕಿನ ಬಟ್ಟೆಗಳನ್ನು ಮುಟ್ಟುವ ಅಧಿಕಾರ ಅವಳಿಗೂ ಅವಳು ಕಲಿಸಿಕೊಟ್ಟವರಿಗೂ ಮಾತ್ರ. ರೋಗಿಗಳು ಮರೆತ ಕಟ್ಟುಹಲ್ಲು, ಕನ್ನಡಕ, ಒಮ್ಮೆ ಮುರಿದ ಸೂಜಿ, ಎಲ್ಲವನ್ನೂ ಹೊದಿಕೆಯ ಮಡಿಕೆಯಿಂದ ಕಣ್ಣು ಮುಚ್ಚಿ ಹೆಕ್ಕಿ ತೆಗೆಯುತ್ತಿದ್ದಳು. ರಕ್ತ, ಕೀವು, ವಾಂತಿ, ಯಾವುದಕ್ಕೂ ಅವಳ ಹುಬ್ಬು ಅಲುಗುತ್ತಿರಲಿಲ್ಲ. ಆದರೆ ಮನೆಯಲ್ಲಿ ಪಾತ್ರೆ ತಿಕ್ಕುವ ಸ್ಪಂಜು ರಾತ್ರಿಯೆಲ್ಲ ನೀರಲ್ಲಿ ನೆನೆದದ್ದು ಕಂಡರೆ ಸಾಕು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು.

“ಆಸ್ಪತ್ರೆದು ಏನೂ ಅನ್ಸಲ್ಲ, ಸ್ಪಂಜು ಕಂಡ್ರೆ ಯಾಕೆ ವಾಕರಿಕೆ?” ಎಂದು ಯಾಕಮ್ಮ ಕೇಳಿದರೆ, “ಅದು ಕೆಲಸ ಕಣೇ, ಇದು ಸೋಮಾರಿತನ” ಎನ್ನುತ್ತಿದ್ದಳು.

ಈ ಉತ್ತರ ಯಾಕಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಹಳೆಯ ನೋಟುಬುಕ್ಕಿನಲ್ಲಿ ಅವಳು ಯಾರಿಗೆ ಯಾವುದು ಹೇಸಿಗೆ ಎಂದು ಬರೆಯತೊಡಗಿದಳು. ಈಚೆಯ ಹನ್ನೊಂದು ಜನ, ಆಚೆಯ ಹನ್ನೆರಡು ಜನ. ಬರೆಯುತ್ತಾ ಹೋದಂತೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಟೀ ಕುಡಿಯುವ ಹೊತ್ತಿಗೆ ಎರಡೂ ಕಡೆಯವರು ಹಿತ್ತಿಲ ಅಂಗಳಕ್ಕೆ ಬರುತ್ತಿದ್ದರು. ಈಚೆಯವರು ಕೈಗವಸು, ಮೇಲಂಗಿ, ರಬ್ಬರಿನ ಬೂಟು ಎಲ್ಲ ಕಳಚಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೇ ಬರಬೇಕು. ಆಚೆಯವರು ಕೈಯನ್ನೂ ತೊಳೆಯುತ್ತಿರಲಿಲ್ಲ. ಆದರೂ ಈಚೆಯವರು ಕೂತ ಬೆಂಚಿನಲ್ಲಿ ಆಚೆಯವರು ಕೂರುತ್ತಿರಲಿಲ್ಲ. ಜಾಗವಿದ್ದರೂ ನಿಂತೇ ಟೀ ಕುಡಿಯುತ್ತಿದ್ದರು. ಕೇಳಿದರೆ ಮಂಡಿನೋವು, ಕೂತರೆ ಏಳೋಕಾಗಲ್ಲ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ಹುಡುಗಿಗೂ ಮಂಡಿನೋವು.

ಬಟ್ಟೆಯ ಮೇಲಿನ ಅಸಹ್ಯ ಬಟ್ಟೆ ಮುಟ್ಟಿದವರ ಮೇಲೆ ಹೇಗೆ ಹೋಗಿ ಕೂರುತ್ತದೆ? ತೊಳೆದರೂ ಯಾಕೆ ಹೋಗುವುದಿಲ್ಲ? ಇದು ಯಾಕಮ್ಮನ ಪ್ರಶ್ನೆ. ಯಾವ ಪುಸ್ತಕದಿಂದಲೂ ತಂದದ್ದಲ್ಲ.

ಆ ವರ್ಷದ ಕೊನೆಯ ಪರೀಕ್ಷೆಗಳಿಗೆ ಮುಂಚೆ ಕಾಲೇಜಿನ ಸೂಚನಾ ಫಲಕದಲ್ಲಿ ಒಂದು ಹಾಳೆ ಬಂತು. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಪದವಿ ವಿದ್ಯಾರ್ಥಿಗಳಿಗಾಗಿ ರಜೆಯಲ್ಲಿ ಹತ್ತು ವಾರದ ಸಂಶೋಧನಾ ತರಬೇತಿ ನಡೆಸುತ್ತದೆ. ಹನ್ನೆರಡು ಜನರಿಗೆ ಮಾತ್ರ ಅವಕಾಶ. ಒಬ್ಬೊಬ್ಬರೂ ಒಂದೊಂದು ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಕೊನೆಗೆ ಸ್ವಂತ ಪ್ರಶ್ನೆಯ ಮೇಲೆ ಒಂದು ಚಿಕ್ಕ ಅಧ್ಯಯನ ಮಾಡಬೇಕು. ‘ಸ್ವಂತ ಪ್ರಶ್ನೆ’ ಎಂಬ ಎರಡು ಮಾತನ್ನು ಯಾಕಮ್ಮ ನಿಂತಲ್ಲೇ ನಾಲ್ಕು ಸಲ ಓದಿದಳು. ಅಂಕಪಟ್ಟಿ, ಎರಡು ಶಿಫಾರಸು ಪತ್ರ, ಮತ್ತು ‘ನಾನು ಯಾಕೆ ಬರಬಯಸುತ್ತೇನೆ’ ಎಂಬ ಮೂರು ಪುಟದ ಬರಹ, ಇಷ್ಟು ಕೊಡಬೇಕಿತ್ತು.

ಒಂದು ಪತ್ರ ಅಂಕಿಅಂಶ ಕಲಿಸುವ ಮೇಷ್ಟ್ರು ಬರೆದುಕೊಟ್ಟರು. ಸೀಮೆಸುಣ್ಣದ ಪುಡಿ ಮೆತ್ತಿದ ಕೋಟಿನ, ಯಾರನ್ನೂ ಹೊಗಳಿ ಗೊತ್ತಿಲ್ಲದ ಮನುಷ್ಯ. ‘ಈಕೆ ಎಣಿಸಿದ್ದನ್ನು ಮತ್ತೊಮ್ಮೆ ಎಣಿಸುತ್ತಾಳೆ’ ಎಂದು ಬರೆದಿದ್ದರು. ಎರಡನೆಯದಕ್ಕೆ ಅವಳು ಕಾಲೇಜಿನ ಸಲಹೆಗಾರ್ತಿಯ ಹತ್ತಿರ ಹೋದಳು. ಎಲ್ಲರೂ ಅಲ್ಲಿಗೇ ಹೋಗುತ್ತಿದ್ದರು. ಆ ಮೇಡಂ ತಿದ್ದಿದ ಬರಹಗಳಿಂದ ಹಿಂದಿನ ವರ್ಷಗಳಲ್ಲಿ ಆರು ಜನ ಆಯ್ಕೆಯಾಗಿದ್ದರು. ಹುಡುಗರು ಹಿಂದಿನಿಂದ ಅವರನ್ನು ‘ಈರುಳ್ಳಿ ಮೇಡಂ’ ಎನ್ನುತ್ತಿದ್ದರು. ಅವರ ಕೈ ತಾಗಿದ ಬರಹ ಓದಿದರೆ ಕಣ್ಣಲ್ಲಿ ನೀರು ಬರಲೇಬೇಕು.

ಮೇಡಂ ಯಾಕಮ್ಮನ ಮೂರು ಪುಟಗಳನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಜಿನ ಆ ತುದಿಯಲ್ಲಿ ಬೇರೆ ಹುಡುಗರ ಬರಹಗಳ ಕಟ್ಟು ಇತ್ತು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಮಾತು: ‘ಅಪ್ಪ, ಕುಡಿತ’. ‘ತಂಗಿ, ಕಿಡ್ನಿ’. ‘ಮನೆ ಸುಟ್ಟದ್ದು, ಚೆನ್ನಾಗಿದೆ’.

“ಬೆಂಚು, ಸ್ಪಂಜು… ಬುದ್ಧಿವಂತಿಕೆ ಇದೆ ಇದ್ರಲ್ಲಿ, ಇಲ್ಲ ಅನ್ನಲ್ಲ. ಆದ್ರೆ ನೀನೆಲ್ಲಮ್ಮ ಇದ್ರಲ್ಲಿ?”

“ಪ್ರಶ್ನೆ ನಂದೇ ಮೇಡಂ.”

“ಪ್ರಶ್ನೆ ಎಲ್ರತ್ರಾನೂ ಇರುತ್ತೆ. ನೋವು ಬೇಕು, ನೋವು. ಇನ್ನೂರು ಅರ್ಜಿ ಬರುತ್ವೆ ಅಲ್ಲಿಗೆ. ಓದೋರು ನಿನ್ನ ಯಾಕೆ ನೆನಪಿಟ್ಕೋಬೇಕು?”

“ನೋವು ಅಂಥದ್ದೇನಿಲ್ಲ ಮೇಡಂ.”

“ತಾಯಿ ಇಲ್ಲ, ತಂದೆ ಬಿಟ್ಟುಹೋದ, ಕೊಳೆಬಟ್ಟೆ ಕೆಲ್ಸ. ಇಲ್ಲ ಅಂದ್ರೆ ಹೇಗೆ? ಹುಡುಕು. ಚಿಕ್ಕೋಳಿದ್ದಾಗ ಏನಾದ್ರೂ ಆಗಿರುತ್ತೆ.”

ಆಗಿತ್ತು. ಯಾಕಮ್ಮ ಅದನ್ನು ಯಾರಿಗೂ ಹೇಳಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಒಂದು ದಿನ ದೊಡ್ಡಮ್ಮ ಕೆಲಸ ಮುಗಿಸಿ, ಆಸ್ಪತ್ರೆಯ ಒಗೆದ ಸಮವಸ್ತ್ರದಲ್ಲೇ ಶಾಲೆಯ ಗೇಟಿಗೆ ಬಂದಿದ್ದಳು. ಪಕ್ಕದಲ್ಲಿದ್ದ ಗೆಳತಿ “ಯಾರೇ ಅದು?” ಎಂದು ಕೇಳಿದಾಗ ಯಾಕಮ್ಮ, “ನಮ್ಮನೆ ಕೆಲಸದೋಳು” ಎಂದಿದ್ದಳು. ದೊಡ್ಡಮ್ಮನಿಗೆ ಅದು ಕೇಳಿಸಿತೋ ಇಲ್ಲವೋ, ಹನ್ನೊಂದು ವರ್ಷದಿಂದ ಗೊತ್ತಾಗಿರಲಿಲ್ಲ.

ಅದನ್ನು ಬರೆದು ತಂದಾಗ ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹಸಿದವರ ಮುಂದೆ ತಟ್ಟೆ ಇಟ್ಟ ಹಾಗಾಗಿತ್ತು ಅವರ ಮುಖ. “ಇದು! ಇದು ಬೇಕಾಗಿದ್ದು. ಅಲ್ಲಾ, ಇಂಥದ್ದನ್ನ ಇಟ್ಕೊಂಡು ಸ್ಪಂಜು ಗಿಂಜು ಅಂತಿದ್ದೆಯಲ್ಲ!” ಎನ್ನುತ್ತಾ ಕೆಂಪು ಪೆನ್ನು ಎತ್ತಿಕೊಂಡರು. ಬೆಂಚಿನ ಪುಟ ಅಡ್ಡಗೆರೆ ತಿಂದು ನಾಲ್ಕು ಸಾಲಿಗಿಳಿಯಿತು. ನೋಟುಬುಕ್ಕಿನ ಲೆಕ್ಕ ಪೂರ್ತಿ ಹೋಯಿತು. ಶಾಲೆಯ ಗೇಟು ಮೊದಲ ಪುಟಕ್ಕೆ ಬಂತು. ಕೊನೆಗೆ ಅವರು ಒಂದು ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು. ‘ದೊಡ್ಡಮ್ಮನ ಕೈಯಿಂದ ಬ್ಲೀಚಿನ ವಾಸನೆ ಬರುತ್ತಿತ್ತು’ ಎಂದು ಯಾಕಮ್ಮ ಬರೆದಿದ್ದಳು.

“ಬ್ಲೀಚ್ ಅಂದ್ರೆ ಓದೋರಿಗೆ ಬಚ್ಚಲುಮನೆ ನೆನಪಾಗುತ್ತೆ. ‘ಕೊಳೆತ ರಕ್ತದ ವಾಸನೆ’ ಅನ್ನು.”

“ಹಾಗೆ ಬರ್ತಿರಲಿಲ್ಲ ಮೇಡಂ. ದೊಡ್ಡಮ್ಮ ಸ್ನಾನ ಮಾಡ್ದೆ ಹೊರಗೆ ಬರೋದೇ ಇಲ್ಲ.”

“ನಿನ್ನ ಮನಸ್ಸಿಗೆ ಹಾಗೆ ಬರ್ತಿತ್ತು ಅಲ್ವಾ? ಇಲ್ದಿದ್ರೆ ಹಾಗ್ಯಾಕೆ ಹೇಳ್ದೆ ಗೆಳತಿಗೆ? ಮನಶ್ಶಾಸ್ತ್ರ ಓದೋಳಿಗೆ ನಾನು ಹೇಳ್ಕೊಡ್ಬೇಕಾ?”

ಯಾಕಮ್ಮ ಹಾಳೆಗಳನ್ನು ಚೀಲಕ್ಕೆ ಸೇರಿಸಿಕೊಂಡು ಎದ್ದಳು. ಮನೆಗೆ ಹೋಗಿ ಬರಹವನ್ನು ಶುದ್ಧಪ್ರತಿ ಮಾಡುವಾಗ ಆ ಸಾಲಿನ ಹತ್ತಿರ ಕೈ ನಿಂತಿತು. ಅಡುಗೆಕೋಣೆಯಲ್ಲಿ ದೊಡ್ಡಮ್ಮ ಯಾವುದೋ ಹಾಡು ಗುನುಗುತ್ತಾ ಒಲೆ ಒರೆಸುತ್ತಿದ್ದಳು. ಕಡೇ ದಿನ ಹತ್ತಿರ ಬಂದಿತ್ತು. ಒಂದೇ ಒಂದು ಮಾತು, ಯಾರು ಬಂದು ಮೂಸಿ ನೋಡುತ್ತಾರೆ ಎಂದುಕೊಂಡು ಬರೆದಳು. ಯಾರೂ ಅವಳ ಕೈ ಹಿಡಿದು ಬರೆಸಲಿಲ್ಲ. ಇದನ್ನು ಮುಂದೆ ಅವಳೇ ಹೇಳುತ್ತಿದ್ದಳು, ಹೇಳುವಾಗ ಬಾಯಲ್ಲಿ ಏನೋ ಕಹಿ ಸಿಕ್ಕವಳ ಹಾಗೆ ಮುಖ ಸಿಂಡರಿಸುತ್ತಿದ್ದಳು.

ಸಂದರ್ಶನಕ್ಕೆ ಕರೆ ಬಂತು. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ತರಬೇತಿಯ ನಿರ್ದೇಶಕರು, ಹತ್ತಿಯ ಮೇಲೆ ನಡೆದ ಹಾಗೆ ಮೆತ್ತಗೆ ಮಾತಾಡುವವರು. ಅವಳು ಕೂರುವ ಮುಂಚೆಯೇ ಅವರು ಕಣ್ಣೊರೆಸುವ ಕಾಗದದ ಪೆಟ್ಟಿಗೆಯನ್ನು ಅವಳ ಕಡೆಗೆ ಸರಿಸಿದರು. ಅಳು ಬರುವ ಲಕ್ಷಣವೇ ಇರಲಿಲ್ಲ. ಆದರೂ ಪೆಟ್ಟಿಗೆ ಅಲ್ಲೇ ಕಾದು ಕೂತಿತ್ತು. ದೊಡ್ಡಮ್ಮನ ಬಗ್ಗೆ ಕೇಳಿದರು, ಆ ದಿನದ ಬಗ್ಗೆ ಕೇಳಿದರು, ಆ ವಾಸನೆ ಈಗಲೂ ನೆನಪಿದೆಯೇ ಎಂದು ಕೇಳಿದರು. ಬೆಂಚಿನ ವಿಷಯ ಅವಳಾಗಿ ಎತ್ತಿದಾಗ ಒಬ್ಬರು ಗಡಿಯಾರ ನೋಡಿದರು. ಹತ್ತು ದಿನದ ಮೇಲೆ ಆಯ್ಕೆಯಾಗಿದೆ ಎಂಬ ಪತ್ರ ಬಂತು.

ದೊಡ್ಡಮ್ಮ ಆ ಪತ್ರವನ್ನು ಮೇಲಂಗಿಯ ಜೇಬಿನಲ್ಲಿ ಇಟ್ಟುಕೊಂಡು ವಿಭಾಗದ ಎಲ್ಲರಿಗೂ ತೋರಿಸಿದಳು. ಯಂತ್ರ ರಿಪೇರಿಗೆ ಬಂದವನಿಗೂ ತೋರಿಸಿದಳು.

“ಏನೇ ಬರ್ದಿದ್ದೆ ಅದ್ರಲ್ಲಿ? ನಮ್ಮ ಕೆಲಸದ್ದೇನಾ?”

“ಹೂಂ. ನಮ್ಮ ಕೆಲಸದ್ದೇ.”

“ಕೆಂಪು ಚೀಲ ಹೇಗೆ ಬಿಚ್ಬೇಕು ಅಂತ ಬರ್ದಿಯಾ? ಅದು ಯಾರಿಗೂ ಗೊತ್ತಿರಲ್ಲ.”

“ಬರ್ದಿದ್ದೀನಿ ದೊಡ್ಡಮ್ಮ” ಎಂದು ಯಾಕಮ್ಮ ಇನ್ನೊಂದು ಸುಳ್ಳು ಹೇಳಿದಳು.

ತರಬೇತಿಯ ಉದ್ಘಾಟನೆಗೆ ಮನೆಯವರನ್ನೂ ಕರೆದಿದ್ದರು. ದೊಡ್ಡಮ್ಮ ಇಸ್ತ್ರಿ ಕಡೆಯವರಿಗೆ ಹೇಳಿ ಗರಿಗರಿ ಮಾಡಿಸಿದ ಸೀರೆಯುಟ್ಟು ಮೂರನೆಯ ಸಾಲಿನಲ್ಲಿ ಕೂತಳು. ಸಭಾಂಗಣದಲ್ಲಿ ತರಬೇತಿಗೆ ದೇಣಿಗೆ ಕೊಡುವ ಗಣ್ಯರು ಇದ್ದರು. ನಿರ್ದೇಶಕರು ಮೈಕಿನ ಮುಂದೆ ನಿಂತು, ಈ ಸಲದ ಅರ್ಜಿಗಳು ತಮ್ಮ ನಿದ್ದೆ ಕೆಡಿಸಿದವು ಎಂದರು. ಹೆಸರು ಹೇಳದೆ ಕೆಲವು ಸಾಲುಗಳನ್ನು ಓದುತ್ತೇನೆ, ಕ್ಷಮೆಯಿರಲಿ ಎಂದರು. ಹಿಂದಿನ ಪರದೆಯ ಮೇಲೆ ಅಕ್ಷರಗಳು ಮೂಡಿದವು.

‘ನನ್ನ ದೊಡ್ಡಮ್ಮ ಆಸ್ಪತ್ರೆಯ ಕೊಳೆಬಟ್ಟೆ ಬೇರ್ಪಡಿಸುವವಳು. ಅವಳ ಕೈಯಿಂದ ಕೊಳೆತ ರಕ್ತದ ವಾಸನೆ ಬರುತ್ತಿತ್ತು. ಒಂದು ದಿನ ಅವಳು ನನ್ನ ಶಾಲೆಯ ಗೇಟಿಗೆ ಬಂದಳು…’

ನಿರ್ದೇಶಕರು ಪ್ರತಿ ಮಾತಿಗೂ ಒಂದು ಉಸಿರು ಬಿಟ್ಟು ಓದಿದರು. ‘ಕೊಳೆತ’ ಎನ್ನುವಾಗ ಅವರ ಕಂಠ ನಡುಗಿತು. ಮುಂದಿನ ಸಾಲಿನಲ್ಲಿ ಒಬ್ಬರು ಮೂಗೊರೆಸಿಕೊಂಡರು. ವೇದಿಕೆಯ ಮೇಲೆ ಕೂತಿದ್ದ ಯಾಕಮ್ಮ ಕಣ್ಣನ್ನು ನೆಲಕ್ಕೆ ನೆಟ್ಟಳು. ದೊಡ್ಡಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ. ನೋಡಿದಾಗ ದೊಡ್ಡಮ್ಮ ತನ್ನ ಎರಡೂ ಕೈಗಳನ್ನು ಸೆರಗಿನ ಕೆಳಗೆ ಸೇರಿಸಿಕೊಂಡಿದ್ದಳು.

ಹೆಸರು ಹೇಳದಿದ್ದರೇನು? ಹನ್ನೆರಡು ಜನರಲ್ಲಿ ದೊಡ್ಡಮ್ಮನ ಜೊತೆ ಬಂದವಳು ಒಬ್ಬಳೇ. ಸಭೆ ಮುಗಿದದ್ದೇ ತಡ, ಗಣ್ಯರು ಸಾಲಾಗಿ ಬಂದು ದೊಡ್ಡಮ್ಮನನ್ನು ಮುತ್ತಿಕೊಂಡರು. ರೇಷ್ಮೆಯ ಶಾಲು ಹೊದ್ದ ಒಬ್ಬ ಮಹಿಳೆ ದೊಡ್ಡಮ್ಮನ ಬಲಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು, “ಈ ಕೈಗಳು… ಈ ಕೈಗಳು…” ಎಂದು ಮುಂದೆ ಮಾತೇ ಹೊರಡದೆ ನಿಂತರು. ಫೋಟೊ ತೆಗೆಯುವವನು ಎರಡು ಸಲ ತೆಗೆದ. ಅವನು ಅತ್ತ ತಿರುಗಿದ ಕೂಡಲೇ ಆಕೆ ಕೈಬಿಟ್ಟು, ಪಕ್ಕಕ್ಕೆ ಸರಿದು, ಚೀಲದಿಂದ ಪುಟ್ಟ ಸ್ಯಾನಿಟೈಸರ್ ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡರು. ಬೆರಳ ಸಂದುಗಳಿಗೂ ಬಿಡದೆ ಉಜ್ಜಿದರು.

ಯಾಕಮ್ಮ ನೋಡಿದಳು. ದೊಡ್ಡಮ್ಮನೂ ನೋಡಿದಳು. ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದಳು.

“ಅಮ್ಮಾ, ನಂಗೂ ಸ್ವಲ್ಪ ಹಾಕಿ. ಬೆಳಿಗ್ಗೆಯಿಂದ ಎಷ್ಟು ಜನ ಹಿಡಿದ್ರೋ ಏನೋ ಈ ಕೈನ. ಯಾರ್ಯಾರು ಎಲ್ಲೆಲ್ಲಿ ಮುಟ್ಕೊಂಡು ಬಂದಿರ್ತಾರೋ, ಯಾರಿಗ್ಗೊತ್ತು!”

ಆಕೆಯ ಮುಖ ಕೆಂಪಾಗಿ ಬಿಳುಪಾಯಿತು. ಬಾಟಲಿ ಹಿಂಡಿದರು. ಅರ್ಧ ನೆಲಕ್ಕೆ ಬಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಆರು ನಿಲ್ದಾಣ ದಾಟಿದವು. ಆಮೇಲೆ ಕಿಟಕಿಗೇ ಹೇಳುವ ಹಾಗೆ ಕೇಳಿದಳು.

“ವಾಸನೆ ಬರ್ತಿತ್ತಾ?”

“ಇಲ್ಲ ದೊಡ್ಡಮ್ಮ. ಬ್ಲೀಚ್ ವಾಸನೆ ಬರ್ತಿತ್ತು ಅಷ್ಟೆ.”

“ಮತ್ತೆ?”

“ಮೇಡಂ ಹಾಗೆ ಬರಿ ಅಂದ್ರು.”

“ಬರ್ದಿದ್ದು ಯಾರ ಕೈ?”

ದೊಡ್ಡಮ್ಮ ಈಗ ಅವಳ ಕಡೆ ತಿರುಗಿದಳು.

“ಶಾಲೆ ಗೇಟಲ್ಲಿ ನೀನು ಹೇಳಿದ್ದು ನಂಗೆ ಅವತ್ತೇ ಕೇಳಿಸಿತ್ತು. ಮಗು, ನಾಚ್ಕೊಂಡಿದೆ ಅಂತ ಬಿಟ್ಬಿಟ್ಟೆ. ಒಂದಿನನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಇದನ್ನ ಮಗು ಬರೀಲಿಲ್ಲ, ಇಪ್ಪತ್ತು ವರ್ಷದೋಳು ಬರ್ದಿದ್ದಾಳೆ. ಮೂವತ್ತೊಂದು ವರ್ಷ ಕಣೇ. ಜ್ವರ ಬಂದ ದಿನಾನೂ ತಣ್ಣೀರಲ್ಲಿ ಸ್ನಾನ ಮಾಡಿ ಹೊರಗೆ ಬಂದಿದ್ದೀನಿ. ನಂಗೆ ಗೊತ್ತಿರೋದು ಅದೊಂದೇ ವಿದ್ಯೆ. ಅದನ್ನೂ ಸುಳ್ಳು ಮಾಡ್ಬಿಟ್ಟೆಯಲ್ಲ!”

ನಂತರದ ದಿನಗಳಲ್ಲಿ ದೊಡ್ಡಮ್ಮ ಅವಳ ಜೊತೆ ಬೇಕಾದಷ್ಟು ಮಾತ್ರ ಆಡಿದಳು. ಊಟ ಮಾಡು, ಬಾಗಿಲು ಹಾಕ್ಕೋ, ಅಷ್ಟೆ. ಇತ್ತ ತರಬೇತಿ ಶುರುವಾಯಿತು. ದುರದೃಷ್ಟವೆಂದರೆ ಅದು ಯಾಕಮ್ಮನಿಗೆ ಬಹಳ ಹಿಡಿಸಿತು. ಅವಳನ್ನು ಹಾಕಿದ ಪ್ರಯೋಗಾಲಯದಲ್ಲಿ ಜನರ ಮೂಗಿನ ಪಕ್ಕಕ್ಕೆ ಪುಟ್ಟ ತಂತಿಬಿಲ್ಲೆ ಅಂಟಿಸಿ, ಹೊಲಸು ಚಿತ್ರಗಳನ್ನು ತೋರಿಸಿ, ಮುಖ ಸಿಂಡರಿಸುವ ಸ್ನಾಯು ಎಷ್ಟು ಸೆಳೆಯುತ್ತದೆ ಎಂದು ಅಳೆಯುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಸೆಳೆತವೂ ಪರದೆಯ ಮೇಲೆ ಗೆರೆಯಾಗಿ ಏಳುತ್ತಿತ್ತು. ಬಾಯಲ್ಲಿ ಮಂಡಿನೋವು ಎಂದವರ ಮೂಗು ಏನು ಹೇಳುತ್ತದೆ ಎಂದು ಇಲ್ಲಿ ತಿಳಿಯಬಹುದು! ನಾಲ್ಕು ದಿನ ಅವಳು ಊಟದ ಹೊತ್ತನ್ನೂ ಮರೆತು ಬಿಲ್ಲೆ ಅಂಟಿಸುವುದನ್ನು ಕಲಿತಳು. ನಾಲ್ಕು ದಿನವೂ ಮನೆಗೆ ಬಂದ ಮೇಲೆ ಗಂಟಲಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಐದನೆಯ ದಿನ ಪ್ರಯೋಗಾಲಯಕ್ಕೆ ತರಬೇತಿಯ ಹೊಸ ಪರಿಚಯ ಪುಸ್ತಿಕೆಯ ಕಟ್ಟು ಬಂತು. ಮುಖಪುಟದಲ್ಲಿ ದೊಡ್ಡಮ್ಮನ ಕೈ ಹಿಡಿದ ಶಾಲಿನ ಮಹಿಳೆ. ಕೆಳಗೆ ದಪ್ಪ ಅಕ್ಷರದಲ್ಲಿ ಆ ಸಾಲು. ಯಾಕಮ್ಮ ಒಂದು ಪುಸ್ತಿಕೆ ಹಿಡಿದುಕೊಂಡು ನೇರ ನಿರ್ದೇಶಕರ ಕೋಣೆಗೆ ಹೋದಳು.

“ಸರ್, ಇದನ್ನ ತೆಗೀಬೇಕು. ಇದು ನಿಜ ಅಲ್ಲ.”

ಅವರು ನಕ್ಕರು. “ನಾಚಿಕೆ ಸಹಜಮ್ಮ. ಅನುಭವ ನಿನ್ನದು. ಅದನ್ನ ಯಾರೂ ಸುಳ್ಳು ಅನ್ನಲ್ಲ.”

“ನಾನೇ ಅಂತಿದ್ದೀನಿ ಸರ್. ದೊಡ್ಡಮ್ಮನ ಕೈಯಿಂದ ಅಂಥ ವಾಸನೆ ಯಾವತ್ತೂ ಬಂದಿಲ್ಲ. ಚೆನ್ನಾಗಿರುತ್ತೆ ಅಂತ ಬರ್ದೆ.”

ನಗು ಮುಖದ ಮೇಲೇ ಆರಿತು. ಅವರು ಎದ್ದು ಬಾಗಿಲು ಮುಚ್ಚಿ ಬಂದರು. “ನೋಡು, ನೀನು ಹೇಳಿದ್ದನ್ನ ನಾನು ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡ್ರೆ ಅರ್ಜಿಯಲ್ಲಿ ಸುಳ್ಳು ಬರ್ದಿದ್ದೀಯ ಅಂತಾಗುತ್ತೆ. ಅದರ ಪರಿಣಾಮ ಗೊತ್ತಲ್ವಾ? ಪುಸ್ತಿಕೆ ಅಚ್ಚಾಗಿ ಎಲ್ಲ ಕಡೆ ಹೋಗಿದೆ. ಅದರಿಂದ ಯಾರಿಗೂ ಹಾನಿಯಿಲ್ಲ. ಜನರ ಮನಸ್ಸು ಕರಗ್ತಿದೆ. ಹೋಗು, ಕೆಲಸ ಮಾಡು.”

ಆ ಕೋಣೆಯಲ್ಲಿ ಅಗರಬತ್ತಿಯದೋ ಹೂವಿನದೋ ಒಂದು ಸುವಾಸನೆ ಹಬ್ಬಿತ್ತು. ಯಾಕಮ್ಮನಿಗೆ ಅಲ್ಲಿ ಉಸಿರು ಕಟ್ಟಿತು. ಕೆಂಪು ಚೀಲ ಬಿಚ್ಚುವಾಗ ಹಾಗಾದದ್ದು ಅವಳಿಗೆ ನೆನಪಿಲ್ಲ. ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಅರ್ಧ ಪುಟ ಬರೆದಳು. ಯಾವ ಸಾಲು ಸುಳ್ಳು, ನಿಜವಾಗಿ ಏನಿತ್ತು, ಯಾರು ಹೇಳಿದರು, ಬರೆದದ್ದು ತಾನೇ, ಪುಸ್ತಿಕೆಯಿಂದ ಅದನ್ನು ತೆಗೆಯಬೇಕು. ಸಹಿ ಹಾಕಿ, ಕಚೇರಿಯ ಗುಮಾಸ್ತೆಗೆ ಕೊಟ್ಟು, ಸ್ವೀಕರಿಸಿದ ಮುದ್ರೆ ಹಾಕಿಸಿಕೊಂಡಳು. ಮುದ್ರೆ ಬಿದ್ದ ಕಾಗದವನ್ನು ಕೇಳಿಲ್ಲ ಎನ್ನಲು ಬರುವುದಿಲ್ಲವಲ್ಲ.

ವಾರದೊಳಗೆ ಉತ್ತರ ಬಂತು. ಅರ್ಜಿಯಲ್ಲಿ ಸತ್ಯಕ್ಕೆ ದೂರವಾದ ಹೇಳಿಕೆ ಇದ್ದುದರಿಂದ ಅವಳ ಆಯ್ಕೆಯನ್ನು ರದ್ದುಗೊಳಿಸಲಾಗಿದೆ. ಸಂಶೋಧನೆಗೆ ಪ್ರಾಮಾಣಿಕತೆಯೇ ಅಡಿಪಾಯ ಎಂಬುದನ್ನು ಈ ಮೂಲಕ ನೆನಪಿಸಲಾಗಿದೆ. ಪುಸ್ತಿಕೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಈರುಳ್ಳಿ ಮೇಡಂ, “ನಾನು ಭಾಷೆ ಮಾತ್ರ ತಿದ್ದಿದ್ದು, ವಿಷಯ ಅವಳದ್ದೇ” ಎಂದು ಕೈ ತೊಳೆದುಕೊಂಡರು. ಪುಸ್ತಿಕೆ ಮನಶ್ಶಾಸ್ತ್ರ ವಿಭಾಗದ ಗಾಜಿನ ಕಪಾಟಿನಲ್ಲಿ ಹಾಗೇ ಉಳಿಯಿತು. ಸುಳ್ಳು ಹೇಳಿದವಳು ಹೊರಗೆ, ಸುಳ್ಳು ಒಳಗೆ.

ದೊಡ್ಡಮ್ಮ ಮೆಚ್ಚಿಕೊಳ್ಳುತ್ತಾಳೆ ಎಂದು ಯಾಕಮ್ಮ ಎಲ್ಲೋ ಒಂದು ಮೂಲೆಯಲ್ಲಿ ಅಂದುಕೊಂಡಿದ್ದಳು. ಪತ್ರ ಓದಿಸಿ ಕೇಳಿದ ದೊಡ್ಡಮ್ಮ ಕೈಯಲ್ಲಿದ್ದ ಸೌಟನ್ನು ಕುಕ್ಕಿದಳು.

“ಹುಚ್ಚಿ! ನಾನು ಬೈದಿದ್ದು ನೀನು ಬರೆದ ಸುಳ್ಳಿಗೆ. ಸೀಟು ಬಿಟ್ಟು ಬಾ ಅಂದಿದ್ನಾ? ಈ ಕಾಗದ ತಂದು ನನ್ನ ಮುಖಕ್ಕೆ ಹಿಡೀತಿದ್ದೀಯಲ್ಲ, ಇದನ್ನಿಟ್ಕೊಂಡು ನಾನೇನು ಮಾಡ್ಲಿ?”

“ನಿಂಗೋಸ್ಕರ ಅಲ್ಲ ದೊಡ್ಡಮ್ಮ. ನಂಗೇ ಹೇಸಿಗೆ ಆಯ್ತು.”

“ಹೇಸಿಗೆ ಆದ್ರೆ ತೊಳ್ಕೋಬೇಕು. ಮೂಗು ಕೊಯ್ಕೊಂಡು ಬರ್ತಾರಾ?”

ಆ ರಜೆಯೆಲ್ಲ ಯಾಕಮ್ಮ ಎರಡು ಪಾಳಿ ಕೆಲಸ ಮಾಡಿದಳು. ಕಾಲೇಜು ಶುರುವಾದ ಮೇಲೆ ಅಂಕಿಅಂಶದ ಮೇಷ್ಟ್ರು ಅವಳನ್ನು ಕರೆದು, ನೋಟುಬುಕ್ಕು ತೋರಿಸು ಎಂದರು. ಪುಟ ಪುಟ ತಿರುಗಿಸಿ, “ಇಪ್ಪತ್ಮೂರು ಜನ ಸಾಲಲ್ಲ. ಇನ್ನೊಂದಿಷ್ಟು ಆಸ್ಪತ್ರೆ ನೋಡು. ಮತ್ತೆ ಮಂಡಿನೋವು ನಿಜವಾಗಿ ಯಾರ್ಯಾರಿಗಿದೆ ಅಂತಾನೂ ಬರ್ಕೋ. ಅದೂ ಇರಬಹುದಲ್ಲ?” ಎಂದರು. ಸಮಾಧಾನದ ಮಾತು ಒಂದೂ ಇರಲಿಲ್ಲ. ಆ ವರ್ಷ ಅವಳಿಗೆ ಯಾರಾದರೂ ಕೊಟ್ಟ ಅತಿ ದೊಡ್ಡ ಗೌರವ ಅದೇ. ಅವಳು ಇನ್ನೂ ಮೂರು ಆಸ್ಪತ್ರೆಗಳ ನೆಲಮಾಳಿಗೆ ಹತ್ತಿಳಿದಳು. ಎಂಟು ತಿಂಗಳ ಮೇಲೆ ಹದಿನಾಲ್ಕು ಪುಟದ ವರದಿಯಾಯಿತು. ಕಾಲೇಜಿನ ತರಗತಿಯೊಂದರಲ್ಲಿ ಇಪ್ಪತ್ತು ಜನರ ಮುಂದೆ ಓದಿದಳು. ಐದಾರು ಜನ ನಿಜವಾಗಿ ಕೇಳಿದರು. ದೊಡ್ಡಮ್ಮ ಬರಲಿಲ್ಲ. “ಸಭೆಗೆ ಮಾತ್ರ ಕರೀಬೇಡ” ಎಂದಿದ್ದಳು. ಆದರೆ ವರದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಸಿಕೊಂಡು, ಕೈಗವಸು ಕಳಚುವ ಕ್ರಮ ತಪ್ಪಾಗಿದೆ ಎಂದು ಎರಡು ಕಡೆ ತಿದ್ದಿಸಿದಳು.

ಮುಂದಿನ ಅರ್ಜಿಯ ಕಾಲ ಬಂತು. ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಬಂದು ಯಾಕಮ್ಮನ ಎದುರು ಕೂತಳು. ಕೈಯಲ್ಲಿ ಮೂರು ಪುಟದ ಜೆರಾಕ್ಸ್. ಮೇಲೆ ‘ಮಾದರಿ’ ಎಂದು ಬರೆದಿತ್ತು. ಹೆಸರು ಅಳಿಸಿತ್ತು. ಮೊದಲ ಸಾಲು ನೋಡಿದ್ದೇ ಯಾಕಮ್ಮನ ಬಾಯಲ್ಲಿ ನೀರೂರಿ, ವಾಕರಿಕೆ ಒತ್ತಿ ಬಂತು.

“ಅಕ್ಕಾ, ಮೇಡಂ ಎಲ್ರಿಗೂ ಇದನ್ನ ಕೊಡ್ತಿದ್ದಾರೆ. ಇದು ನಿಮ್ಮದು ಅಂತ ಯಾರೋ ಹೇಳಿದ್ರು. ನಮ್ಮಪ್ಪ ಗೋಡೆಗೆ ಬಣ್ಣ ಬಳಿಯೋರು. ವಾಸನೆ ಬಗ್ಗೆ ಏನು ಬರೀಲಿ?”

ಯಾಕಮ್ಮ ಜೆರಾಕ್ಸ್ ಮಗುಚಿ ಇಟ್ಟಳು. “ವಾಸನೆ ಬಿಡು. ನಿಂಗೆ ಏನು ತಿಳ್ಕೋಬೇಕು ಅನ್ಸುತ್ತೆ? ಅಪ್ಪನ್ನ ನೋಡಿ ಯಾವತ್ತಾದ್ರೂ ‘ಇದ್ಯಾಕೆ ಹೀಗೆ’ ಅನ್ಸಿದ್ಯಾ?”

“ಅಪ್ಪಂಗೆ ಜನರ ಹೆಸರೇ ನೆನಪಿರಲ್ಲ ಅಕ್ಕಾ. ನಮ್ಮತ್ತೆ ಹೆಸರನ್ನೂ ಮರೀತಾರೆ. ಆದ್ರೆ ಯಾವ ಮನೆಯ ಯಾವ ಕೋಣೆಗೆ ಯಾವ ಬಣ್ಣ ಹೊಡ್ದೆ ಅಂತ ಇಪ್ಪತ್ತು ವರ್ಷದ್ದು ಹೇಳ್ತಾರೆ. ಎರಡು ಬಣ್ಣ ಬೆರೆಸಿದ್ರೆ ಎಷ್ಟೆಷ್ಟು ಅಂತಾನೂ.”

“ಅದನ್ನೇ ಬರಿ! ಅದಕ್ಕಿಂತ ಒಳ್ಳೇ ಪ್ರಶ್ನೆ ಬೇಕಾ?”

“ಮೇಡಂ ಅದನ್ನ ಕೆಂಪು ಪೆನ್ನಲ್ಲಿ ಹೊಡೆದುಹಾಕ್ತಾರೆ ಅಕ್ಕಾ.”

“ಹೊಡೀತಾರೆ” ಎಂದು ಯಾಕಮ್ಮ ಒಪ್ಪಿಕೊಂಡಳು.

ಇಬ್ಬರೂ ಸೇರಿ ಒಂದು ಪುಟ ಬರೆದರು. ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು. ಎರಡು ತಿಂಗಳ ಮೇಲೆ ಮೆಟ್ಟಿಲ ಹತ್ತಿರ ಸಿಕ್ಕಾಗ ಆಯ್ಕೆಯಾಗಿದ್ದಳು. ಮುಖ ಅರಳಿತ್ತು, ಕಣ್ಣು ಮಾತ್ರ ನೆಲದ ಮೇಲಿತ್ತು.

“ಕೊನೇಲಿ ಮೇಡಂ ಹೇಳಿದ ಹಾಗೇ ಬರ್ದೆ ಅಕ್ಕಾ. ಅಪ್ಪ ಬಣ್ಣದ ವಾಸನೆಗೆ ಕೆಮ್ಮಿ ಕೆಮ್ಮಿ ರಕ್ತ ಕಾರ್ತಾರೆ ಅಂತ.”

“ಕಾರ್ತಾರಾ?”

“ಇಲ್ಲ. ಗಟ್ಟಿಯಾಗಿದ್ದಾರೆ.” ಆಮೇಲೆ ಮೆಲ್ಲಗೆ ಸೇರಿಸಿದಳು, “ಉದ್ಘಾಟನೆಗೆ ಅವರನ್ನ ಕರ್ಕೊಂಡು ಹೋಗಲ್ಲ. ಅವರಿಗೆ ಅವತ್ತು ರಜೆ ಸಿಗಲ್ಲ ಅಂತ ಅಲ್ಲಿ ಹೇಳ್ಬಿಡ್ತೀನಿ.”

ಯಾಕಮ್ಮನಿಗೆ ಬೈಯಬೇಕೆನಿಸಿತು. ಯಾವ ಬಾಯಲ್ಲಿ ಬೈಯುವುದು? ಹುಡುಗಿಯ ಭುಜದ ಮೇಲೆ ಕೈಯಿಟ್ಟು, “ನನ್ನನ್ನ ಹಾಕಿದ್ದ ಪ್ರಯೋಗಾಲಯಕ್ಕೇ ನಿನ್ನನ್ನೂ ಹಾಕಿದ್ರೆ, ತಂತಿಬಿಲ್ಲೆ ಅಂಟಿಸೋ ಮುಂಚೆ ಚರ್ಮನ ಚೆನ್ನಾಗಿ ಒರೆಸು, ಇಲ್ದಿದ್ರೆ ಗೆರೆ ಕುಣಿಯುತ್ತೆ” ಎಂದು ಮಾತ್ರ ಹೇಳಿ, ತರಗತಿಗೆ ಹೊತ್ತಾಯಿತೆಂದು ಮೆಟ್ಟಿಲು ಹತ್ತಿದಳು.